ಉಡಿ ರೂಪಾಯಿ

ನಮ್ಮನೆ ಲಕ್ಷ್ಮಿ ಕರೀ ರೂಪಾಯಿಗಳ ಮೇಲೆ ಕೂರೋಳು. ದೀಪಾವಳಿ ಬಂತು ಅಂದರೆ ಓಣಿಯ ಹೆಂಗಸರೆಲ್ಲ ಹುಣಸೆಹಣ್ಣು, ವಿಭೂತಿ ಹಚ್ಚಿ ಬೆಳ್ಳಿ ರೂಪಾಯಿ ಫಳಫಳ ಅನ್ನೋ ಹಾಗೆ ತಿಕ್ಕಿ ತಟ್ಟೆಯಲ್ಲಿ ಇಡ್ತಾರೆ. ನಮ್ಮನೆ ತಟ್ಟೆಯಲ್ಲಿ ಮಾತ್ರ ಮಸಿ ಹಿಡಿದಂಥ ರೂಪಾಯಿಗಳು. ಅರಿಶಿನ ಕುಂಕುಮಕ್ಕೆ ಬಂದವರು, "ಏನ್ ಶಂಕರಮ್ಮ, ತಿಕ್ಕೋಕೆ ಕೈ ನೋಯುತ್ತಾ?" ಅಂತ ನಗೋರು. ನಾನೇನು ಮಾಡಲಿ? ನನ್ನ ಗಂಡ ಶಿವಯೋಗಪ್ಪನವರ ಕಾನೂನು ಅದು. ಪಾತ್ರೆ ಬೆಳಗು, ದೀಪ ಬೆಳಗು, ರೂಪಾಯಿಗೆ ಕೈ ಹಚ್ಚಬೇಡ. ಹಳೇ ನಾಣ್ಯದ ಮೇಲಿನ ಕಪ್ಪು ಅದರ ಚರ್ಮ ಇದ್ದಂತೆ, ತಿಕ್ಕಿದರೆ ಚರ್ಮ ಸುಲಿದ ಹಾಗೆ, ಬೆಲೆ ಬಿದ್ದುಹೋಗುತ್ತೆ ಅನ್ನೋರು. ಮನೆಗೆ ಸೊಸೆಯಾಗಿ ಬಂದ ದಿನದಿಂದ ಕೇಳಿ ಕೇಳಿ ನನಗೆ ಸಾಕಾಗಿತ್ತು.

ಸವಳಂಗ ರಸ್ತೆಯಲ್ಲಿ ನಮ್ಮನೆ. ಮುಂದಿನ ಕೋಣೆಯೇ ಅಂಗಡಿ. ಹಳೇ ನಾಣ್ಯ, ಹಳೇ ನೋಟು, ಕೊಳ್ಳೋದು ಮಾರೋದು. ಈಗಿನ ಕಾಲದಲ್ಲಿ ನಾಣ್ಯವನ್ನ ಒಂದು ಕಂಪನಿಗೆ ಕಳಿಸಿದರೆ ಪರೀಕ್ಷೆ ಮಾಡಿ, ದರ್ಜೆ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸ್ ಕಳಿಸ್ತಾರಂತೆ. ಅದಕ್ಕೆ ಗ್ರೇಡಿಂಗ್ ಅಂತಾರೆ. ಇವರು ಒಂದೇ ಒಂದು ನಾಣ್ಯವನ್ನೂ ಹಾಗೆ ಕಳಿಸಿದವರಲ್ಲ. "ನನ್ನ ಮಾತೇ ಗ್ರೇಡಿಂಗು" ಅನ್ನೋರು. ಒಂದು ಮಾತ್ರ ನಿಜ. ಗಿರಾಕಿ ಕೇಳಿದ್ದಕ್ಕೆ ಇವರು ಯಾವತ್ತೂ ಸುಳ್ಳು ಹೇಳಿದ್ದಿಲ್ಲ. ಕೇಳದೇ ಇದ್ದದ್ದನ್ನ ತಾವಾಗಿ ಹೇಳಿದ್ದೂ ಇಲ್ಲ.

ಗೌರಿ ಗಣೇಶ ಹಬ್ಬದ ಮಾರನೇ ದಿನ ಜಗಳ ಶುರುವಾಯಿತು. ಊಟಕ್ಕೆ ಕೂತಿದ್ದೆವು. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಹಬ್ಬದ್ದು ಉಳಿದ ಕಡುಬು. ಸೊಸೆ ತನುಜಾ ಬಡಿಸ್ತಾ ಇದ್ದಳು. ಅವಳು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋಳು, ಮನೆಯಲ್ಲೂ ಅದೇ ದನಿ.

"ಅಮ್ಮ ಕ್ವಾರ್ಟರ್ಸ್ ಬಿಡಬೇಕಂತೆ, ದೀಪಾವಳಿಯೊಳಗೆ" ಅಂದಳು.

ಅವಳ ಅಮ್ಮ ಜಯಶೀಲಾ ಭದ್ರಾವತಿಯ ಕಾಗದನಗರದಲ್ಲಿ ಇರೋದು. ಬೀಗರು ಕಾಗದದ ಕಾರ್ಖಾನೆಯಲ್ಲಿದ್ದರು, ತೀರಿಕೊಂಡು ವರ್ಷಗಳಾದವು. ಆಯಮ್ಮ ಒಬ್ಬಳೇ ಆ ಕ್ವಾರ್ಟರ್ಸ್ ಹಿಡಕೊಂಡಿದ್ದಳು.

"ಬಿಟ್ಟು ಎಲ್ಲಿಗೆ ಹೋಗ್ತಾರೆ?" ಅಂತ ನಾನು ಕೇಳಿದೆ.

"ಅಲ್ಲೇ ಹೊಸಮನೆ ಬಡಾವಣೇಲಿ ಒಂದು ಮನೆ ಭೋಗ್ಯಕ್ಕಿದೆ. ದುಡ್ಡು ಒಂದೇ ಸಲ ಕೊಡಬೇಕು. ಹೊಂದದಿದ್ರೆ ಇಲ್ಲಿಗೇ ಕರ್ಕೊಂಡ್ ಬರ್ತೀನಿ ಅತ್ತೆ."

ನನ್ನ ಬಾಯಿಯ ತುತ್ತು ಬಾಯಲ್ಲೇ ಉಳಿಯಿತು. ಹಿಂದೆ ತನುಜಾ ಕಾಲು ಮುರಕೊಂಡಾಗ ಜಯಶೀಲಾ ಒಂದು ತಿಂಗಳು ಬಂದಿದ್ದಳು. ಬಂದ ಮೂರನೇ ದಿನಕ್ಕೆ ನನ್ನ ಅಡುಗೆಮನೆ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದ್ದವು. ಸಾಸಿವೆ ಕೈಗೆ ಸಿಗದೆ ಒಗ್ಗರಣೆ ಸೀದದ್ದು ಎಷ್ಟು ಸಲವೋ. ನನ್ನ ಸಾರಿಗೆ ಬೆಲ್ಲ ಹಾಕಿ, "ಈಗ ನೋಡಿ ರುಚಿ" ಅಂದವಳು. ಅವಳ ಜೊತೆ ಒಂದೇ ಒಲೆ ಮುಂದೆ ಉಳಿದ ಆಯುಸ್ಸು ಕಳೆಯೋದು ನನ್ನಿಂದ ಆಗದ ಮಾತು. ಇದನ್ನ ನಾನು ಎಲ್ಲರ ಮುಂದೆ ಹೇಳ್ತೀನಿ, ನನಗೇನೂ ನಾಚಿಕೆ ಇಲ್ಲ.

ಮಗ ರೇಣುಕಾಪ್ರಸಾದ್ ತಲೆ ಎತ್ತದೆ ರೊಟ್ಟಿ ಮುರೀತಿದ್ದ. ಟೈಲ್ಸ್ ಅಂಗಡಿಯಲ್ಲಿ ಅವನ ಕೆಲಸ. ಮನೆಯಲ್ಲಿ ಮಾತು ಏರಿದರೆ ಅವನಿಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತು ನೆನಪಾಗುತ್ತೆ.

ಆಗ ನಮ್ಮನೆಯವರು ಬಾಯಿ ಬಿಟ್ಟರು. "ತನುಜಾ, ನಿನ್ನ ಉಡಿ ರೂಪಾಯಿ ಇದೆಯಲ್ಲ, ಅದನ್ನ ಕೊಡಮ್ಮ. ಅದು ಮೂವತ್ತೊಂಬತ್ತನೇ ಇಸವಿದು. ಆ ವರ್ಷದ್ದು ಜನರ ಕೈಗೆ ಬಂದಿದ್ದೇ ಕಮ್ಮಿ. ನನಗೊಬ್ಬ ಹಳೇ ಗಿರಾಕಿ ಇದಾನೆ, ಮುರಳಿ ಅಂತ. ಭೋಗ್ಯದ ದುಡ್ಡು ಸುಮಾರು ಹೊಂದುತ್ತೆ."

ಮದುವೆಯಲ್ಲಿ ಮಗಳ ಉಡಿಗೆ ಅಕ್ಕಿ, ಕೊಬ್ಬರಿ, ಅಡಿಕೆ ಜೊತೆ ಜಯಶೀಲಾ ತನ್ನ ತವರಿನ ಒಂದು ಬೆಳ್ಳಿ ರೂಪಾಯಿ ಹಾಕಿದ್ದಳು. ತನುಜಾ ಅದನ್ನ ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು.

ಖುಷಿಪಡ್ತಾಳೆ ಅಂದುಕೊಂಡೆ. ಅವಳು ಸೌಟನ್ನ ಪಾತ್ರೆಗೆ ದಡ್ ಅಂತ ಹಾಕಿದಳು.

"ಅಷ್ಟು ಬೆಲೆದು ಅಂತ ನಿಮಗೆ ಯಾವಾಗಿಂದ ಗೊತ್ತು ಮಾವ?"

"ನಿನ್ನ ಮದುವೆ ದಿನದಿಂದ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ" ಅಂದರು ಇವರು. ಎಂಥ ಮಾತು ಆಡಬೇಕು, ಎಂಥದ್ದು ಆಡಬಾರದು ಅನ್ನೋದು ಈ ಮನುಷ್ಯನಿಗೆ ತಿಳಿಯೋದೇ ಇಲ್ಲ.

ನಿಜ ಸಂಗತಿ ನನಗೆ ಗೊತ್ತಿತ್ತು. ಮದುವೆ ಮುಗಿದು ಮನೆಗೆ ಬಂದು ಉಡಿ ಬಿಚ್ಚಿದಾಗ ಆ ರೂಪಾಯಿ ಹೊಸಾ ಸ್ಟೀಲ್ ಚಮಚದ ಹಾಗೆ ಹೊಳೀತಿತ್ತು. ಜಯಶೀಲಾ ಕೈ ಸೋಲೋವರೆಗೂ ತಿಕ್ಕಿದ್ದಳು. ಇವರು ಭೂತಗನ್ನಡಿಯಲ್ಲಿ ಇಸವಿ ನೋಡಿ ಹಣೆ ಚಚ್ಚಿಕೊಂಡರು. "ಎಂಥ ನಾಣ್ಯ ಮಾರಾಯ್ತಿ, ಎಂಥ ಗತಿ ಮಾಡಿದಾರೆ. ಬೀಗಿತ್ತಿ ಪ್ರೀತಿಯಿಂದ ಮಾಡಿದ್ದು. ನೀನು ಬಾಯಿ ಬಿಟ್ರೆ ನೋಡು" ಅಂದಿದ್ದರು. ನಾನು ಬಾಯಿ ಬಿಟ್ಟಿರಲಿಲ್ಲ.

ಮಾರನೇ ದಿನಕ್ಕೆ ತನುಜಾ ಮೊಬೈಲ್ ನೋಡಿ ಪಂಡಿತಳಾಗಿದ್ದಳು. ನಾಷ್ಟಾದ ಅವಲಕ್ಕಿ ತಟ್ಟೆ ಇವರ ಮುಂದೆ ಇಟ್ಟು ನಿಂತಳು.

"ಗ್ರೇಡಿಂಗ್ ಮಾಡಿಸಿದ ಇದೇ ಇಸವಿ ರೂಪಾಯಿ ಎಷ್ಟಕ್ಕೆ ಹೋಗಿದೆ ಗೊತ್ತಾ ಮಾವ? ನೀವು ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಕಳಿಸೋಣ."

"ಬೇಡ."

"ಯಾಕೆ ಬೇಡ?"

"ಫೀಸು, ಕೊರಿಯರ್ರು, ತಿಂಗಳುಗಟ್ಟಲೆ ಕಾಯೋದು. ದಾರೀಲಿ ಕಳೆದ್ರೆ ಯಾರು ಜವಾಬ್ದಾರಿ? ನಮ್ಮ ಗಿರಾಕಿಗೆ ನಾಣ್ಯ ಕೈಲಿ ಹಿಡೀಬೇಕು, ಅಂಚು ನೋಡಬೇಕು. ಡಬ್ಬೀಲಿಟ್ಟಿದ್ದನ್ನ ಏನು ನೋಡ್ತಾನೆ?"

"ಇವೆಲ್ಲ ನೆಪ. ಡೀಲರ್‌ಗಳು ಯಾಕೆ ಗ್ರೇಡಿಂಗ್ ಮಾಡ್ಸಲ್ಲ ಅಂತ ನಾನು ಓದಿದೀನಿ. ಗೊತ್ತಿಲ್ದೇ ಇರೋರ ಹತ್ರ ಕಮ್ಮಿಗೆ ತಗೊಳ್ಳೋದು, ಆಮೇಲೆ ತಾವೇ ಕಳಿಸಿ ಜಾಸ್ತಿಗೆ ಮಾರೋದು. ಮುರಳಿ ಯಾರೋ, ನೀವು ಯಾರೋ, ಒಳಗೊಳಗೆ ಏನಿದೆಯೋ."

ಇವರು ಅವಲಕ್ಕಿ ತಟ್ಟೆ ಆ ಕಡೆ ತಳ್ಳಿದರು. "ಏನಂದೆ?"

"ಮಾವ ಆದ್ರೂ ವ್ಯಾಪಾರಸ್ತರೇ ಅಲ್ವಾ ಅಂದೆ."

"ತನುಜಾ, ನಾಲಿಗೆ ಬಿಗಿ ಹಿಡಿ" ಅಂತ ನಾನು ಅಂದೆ.

"ನೀವು ಸುಮ್ನಿರಿ ಅತ್ತೆ. ನಮ್ಮಮ್ಮ ಇಲ್ಲಿಗೆ ಬರಬಾರ್ದು ಅನ್ನೋದಷ್ಟೇ ನಿಮ್ಮ ಚಿಂತೆ."

ಅದೂ ನಿಜವೇ. ನಿಜವಾದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. ಇವರು ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗೀತಿತ್ತು. ನಿನ್ನ ತಾಯಿ ತಿಕ್ಕಿ ಹಾಳು ಮಾಡಿದಾಳೆ, ಕಂಪನಿಯವರು ಅದನ್ನೇ ಬರೀತಾರೆ ಅಂತ. ಹೇಳಲಿಲ್ಲ. ಒಳಗೆ ಹೋಗಿ ಶರ್ಟು ಹಾಕಿಕೊಂಡು ಅಂಗಡಿಯಲ್ಲಿ ಕೂತರು. ಆಮೇಲೆ ನಾನು ಕೇಳಿದರೆ, "ಗಂಡನ ಮನೇಲಿ ಅವಳ ತಾಯಿ ಹೆಸರು ಕೆಡೋದು ಬೇಡ ಕಣೆ" ಅಂದರು. ತೊಳೆದ ನಾಣ್ಯ ಯಾವುದು ಅಂತ ಮುರಳಿ ಕಣ್ಣಲ್ಲೇ ಹೇಳೋನಂತೆ, ನೋಡಿಯೇ ತಗೊಳ್ಳೋನಂತೆ, ಬರವಣಿಗೆ ಇಲ್ಲದಿದ್ದರೆ ಅವನೂ ನಾಳೆ ಇನ್ನೊಬ್ಬರಿಗೆ ಹಾಗೇ ದಾಟಿಸಬಹುದಂತೆ. "ಡಬ್ಬಿ ಮೇಲೆ ಒಂದ್ಸಲ ಬರೆದ್ರೆ ಮುಗೀತು. ಬರೀದೇ ಇದ್ರೆ ಪ್ರತಿಯೊಬ್ಬನೂ ತನ್ನ ಕಣ್ಣು ನಂಬ್ತಾನೆ" ಅಂದರು. ವ್ಯಾಪಾರ ಅಂದರೆ ಇದೇ ಇರಬೇಕು.

ಅಲ್ಲಿಂದ ಮನೆಯಲ್ಲಿ ಎರಡು ಪಂಗಡ. ತನುಜಾ ಚಹಾ ಮಾಡಿದರೆ ಇವರು ಕುಡಿಯೋದಿಲ್ಲ. ಇವರು ತಂದ ತರಕಾರಿ ಅವಳು ಹೆಚ್ಚೋದಿಲ್ಲ. ಎರಡರ ಮಧ್ಯೆ ಬೇಯೋಳು ನಾನು. ಮುರಳಿಗೆ ನಾಣ್ಯ ತೋರಿಸಬೇಕು ಅಂತ ಇವರು ಎರಡು ಸಲ ಕೇಳಿದರು. "ಬೀರು ಕೀಲಿ ಸಿಕ್ತಿಲ್ಲ" ಅಂತ ತನುಜಾ ಅಂದಳು. ಕೀಲಿ ಅವಳ ಸೊಂಟದಲ್ಲೇ ಇತ್ತು. ರೂಪಾಯಿ ಆಗಲೇ ಮನೆ ಬಿಟ್ಟು ಹೋಗಿತ್ತು ಅಂತ ನಮಗೇನು ಗೊತ್ತು?

ದಸರಾ ಕಳೆದ ಮೇಲೆ ಕೊರಿಯರ್‌ನವನು ಬಂದ. ಅಂಗಡಿಯಲ್ಲಿ ಮುರಳಿಯೇ ಕೂತಿದ್ದ. ಇವರು ಕಟ್ಟು ನೋಡಿ, ಕಂಪನಿ ಹೆಸರು ನೋಡಿ, ಒಳಗೆ ಕಳಿಸಿದರು. ತನುಜಾ ಎಲ್ಲರೂ ನೋಡಲಿ ಅಂತಲೇ ಅದನ್ನ ವಾಪಸ್ ಅಂಗಡಿಗೆ ತಂದು, ಮುರಳಿಯ ಎದುರೇ ಬಿಚ್ಚಿದಳು.

ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಮೇಲೆ ಇಂಗ್ಲಿಷಿನ ಚೀಟಿ. ಭಾನುವಾರ, ಮಗ ರೇಣುಕ ಮನೆಯಲ್ಲಿದ್ದ. ನಾನು ಅವನ ಕೈಗೆ ಕೊಟ್ಟು ಓದು ಅಂದೆ.

"ಅಸಲಿ ಅಂತ ಬರೆದಿದಾರೆ" ಅಂದ. ಆಮೇಲೆ ನಿಲ್ಲಿಸಿದ. "ತೊಳೆದದ್ದು. ಅದಕ್ಕೆ ದರ್ಜೆ ಕೊಟ್ಟಿಲ್ಲ."

ಮುರಳಿ ಡಬ್ಬಿ ಇಸಕೊಂಡು ಹಿಂದೆ ಮುಂದೆ ನೋಡಿ ಕೆಳಗಿಟ್ಟ. "ಯಜಮಾನ್ರೇ, ಬರೀ ನಾಣ್ಯ ಕೊಟ್ಟಿದ್ರೆ ನಾನು ನೋಡಿ ತಗೊಳ್ತಿದ್ದೆ. ಇದನ್ನ ನಾಳೆ ನನ್ನಿಂದ ಕೊಳ್ಳೋನೂ ಓದ್ತಾನಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡ.

ಅವನು ಹೋದ ಮೇಲೆ ಇವರು ಮಗನನ್ನ ನೋಡಿದರು. "ಕಳಿಸಿದ್ದು ನೀನಾ?"

"ಅವಳು ಸಹಿ ಹಾಕು ಅಂದ್ಲಪ್ಪ, ಹಾಕ್ದೆ."

"ನನ್ನ ಕೇಳದೆ ಕಳಿಸೋಕೆ ಅಂಗಡಿ ಯಾರದ್ದು?"

"ರೂಪಾಯಿ ನನ್ನದು ಮಾವ" ಅಂತ ತನುಜಾ ಅಡ್ಡ ಬಂದಳು. "ತೊಳೆದದ್ದು ಯಾರು? ನಾನಂತೂ ಮುಟ್ಟಿಲ್ಲ. ಈ ಮನೇಲೇ ಯಾರೋ ತೊಳೆದಿರಬೇಕು. ಅದಕ್ಕೇ ನೀವು ಕಳಿಸಬೇಡ ಅಂತ ಅಷ್ಟು ಹಟ ಹಿಡಿದಿದ್ದು."

ಅವಳು ನೋಡಿದ್ದು ನನ್ನನ್ನ. ನನ್ನ ಮೈಯೆಲ್ಲ ಉರಿಯಿತು. ಹೊಳೆಯೋ ರೂಪಾಯಿ ಇಡಬೇಕು ಅನ್ನೋ ಆಸೆಯನ್ನ ಒಂದು ಜನ್ಮ ನುಂಗಿಕೊಂಡವಳು ನಾನು. ನನ್ನ ಮೇಲೆ ತೊಳೆದ ಆಪಾದನೆ.

"ಶಂಕರಿ, ಬೇಡ" ಅಂದರು ಇವರು.

ನಾನು ಕೇಳಲಿಲ್ಲ. "ನಿಮ್ಮಮ್ಮನ ಕೇಳು ಹೋಗು ಯಾರು ತೊಳೆದಿದ್ದು ಅಂತ. ಮದುವೆ ದಿನವೇ ಹೊಳೀತಿತ್ತು. ನಿಮ್ಮಮ್ಮನ ಮರ್ಯಾದೆ ಹೋಗಬಾರದು ಅಂತ ಈ ಮನುಷ್ಯ ನಿನ್ನ ಹತ್ರ ಕಳ್ಳ ಅನಿಸಿಕೊಂಡು ಕೂತಿದಾರೆ. ಓದಿದೀಯಂತೆ, ಏನು ಓದಿದೆಯೋ."

ತನುಜಾಳ ಮುಖ ಸಣ್ಣದಾಯಿತು. ಡಬ್ಬಿ ತಗೊಂಡು ಒಳಗೆ ಹೋದಳು. ನನಗೆ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ, ಭಾಳ ಸಮಾಧಾನವಾಯಿತು.

ಇನ್ನು ಜಯಶೀಲಾ ನಮ್ಮನೆಗೇ ಬರೋದು ಅಂತಾಗಿ, ಆ ವಾರವೇ ಅವಳ ಸಾಮಾನು ಕಟ್ಟೋಕೆ ಅಂತ ನಾನು, ತನುಜಾ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಇಬ್ಬರೂ ಒಂದೇ ಸೀಟು, ಅವಳ ಮುಖ ಕಿಟಕಿ ಕಡೆ. ಕಾಗದನಗರದಲ್ಲಿ ಅರ್ಧ ಮನೆಗಳಿಗೆ ಬೀಗ. ಜಯಶೀಲಾ ಮಾತ್ರ ಹಿಂದಿನ ವಾರವಷ್ಟೇ ಅಂಗಳಕ್ಕೆ ಮೆಂತ್ಯ ಬಿತ್ತಿದ್ದಳು. ಬಿಡೋ ಮನೆಯಲ್ಲಿ ಮೆಂತ್ಯ ಬಿತ್ತೋ ಹೆಂಗಸು.

"ಬನ್ನಿ ಶಂಕರಮ್ಮನೋರೇ. ನಿಮ್ಮ ಅಡುಗೆಮನೆಗೆ ಏನೇನು ತರಲಿ ಹೇಳಿ. ರುಬ್ಬೋ ಕಲ್ಲು ತರ್ತೀನಿ, ನಿಮ್ಮ ಮಿಕ್ಸಿ ಚಟ್ನಿ ನನಗೆ ಸೇರಲ್ಲ. ಉಪ್ಪಿನಕಾಯಿ ಜಾಡಿ ಎಲ್ಲಾನೂ ತರ್ತೀನಿ. ನಿಮ್ಮ ಕಿಟಕಿ ಮೇಲಿನ ಶೆಲ್ಫು ಖಾಲಿ ಮಾಡಿಡಿ."

ನಾನು ತನುಜಾ ಕಡೆ ನೋಡಿದೆ. ಅವಳು ತಟ್ಟೆಗಳನ್ನ ಹಳೇ ಪೇಪರಲ್ಲಿ ಸುತ್ತುತ್ತಾ ಕೇಳಿದಳು. "ಅಮ್ಮ, ನನ್ನ ಉಡಿ ರೂಪಾಯಿ ನೀನು ತೊಳೆದಿದ್ಯಾ?"

"ಮತ್ತೆ? ನಮ್ಮಜ್ಜಿ ಕಾಲದ್ದು, ಕರ್ರಗೆ ಬಾಣಲೆ ತಳ ಆಗಿತ್ತು. ಮಗಳ ಉಡಿಗೆ ಕರೀ ರೂಪಾಯಿ ಹಾಕ್ತಾರಾ? ಹಿಂದಿನ ದಿನ ಕೂತು ಹುಣಸೆಹಣ್ಣು ಹಾಕಿ ತಿಕ್ಕಿದೆ, ವಿಭೂತಿ ಹಾಕಿ ತಿಕ್ಕಿದೆ. ನಿಮ್ಮಪ್ಪ ಇದ್ದಿದ್ರೆ ಚಿನ್ನ ಹಾಕ್ತಿದ್ರು. ನನ್ನ ಕೈಲಿ ಆದದ್ದು ಅದೊಂದೇ, ಹೊಳೀಲಿ ಅಂತ ತಿಕ್ಕಿದೆ." ಜಯಶೀಲಾ ಬೆರಳು ಚಾಚಿ ತೋರಿಸಿದಳು. "ಉಗುರೆಲ್ಲ ಕಪ್ಪಾಗಿತ್ತು, ಧಾರೆ ಎರೆಯೋವಾಗ ಸೆರಗಲ್ಲಿ ಮುಚ್ಕೊಂಡಿದ್ದೆ. ಯಾಕೆ, ಬೆಲೆ ಬಂತಾ?"

"ಬರುತ್ತಮ್ಮ" ಅಂದಳು ತನುಜಾ.

ವಾಪಸ್ ಬಂದು ಚಪ್ಪಲಿ ಬಿಟ್ಟವಳು ನಾಣ್ಯದ ಡಬ್ಬಿ ಹಿಡಿದು ನೇರ ಅಡುಗೆಮನೆಗೆ ಹೋದಳು. ಡಬ್ಬಿಯನ್ನ ಒರೆಸೋ ಬಟ್ಟೆಯಲ್ಲಿ ಸುತ್ತಿ ನೆಲದ ಮೇಲಿಟ್ಟು ಗುಂಡುಕಲ್ಲು ತಗೊಂಡಳು. ಅಂಚಿಗೆ ಒಂದು ಏಟು, ಇನ್ನೊಂದು ಏಟು. ಡಬ್ಬಿ ಸೀಳಿತು. ಚೀಟಿ ಹರಿದು ಕಸದ ಬುಟ್ಟಿಗೆ ಹಾಕಿದಳು. ರೂಪಾಯಿ ಕೈಗೆ ಬಂತು. ವರ್ಷಗಟ್ಟಲೆ ರೇಷ್ಮೆ ಸೀರೆಯ ಮಡಿಕೆಯಲ್ಲಿದ್ದು ಅದರ ಹೊಳಪು ಮಂಕಾಗಿತ್ತು. ತಿಳೀದವರಿಗೆ ತೊಳೆದದ್ದು ಅಂತ ಕಾಣ್ತಿರಲಿಲ್ಲ.

"ನಿಮ್ಮ ಶೆಲ್ಫ್ ಖಾಲಿ ಮಾಡ್ಬೇಕಾಗಿಲ್ಲ ಅತ್ತೆ" ಅಂದಳು.

ನಾನು ಪ್ಲಾಸ್ಟಿಕ್ ಚೂರು ಗುಡಿಸಿದೆ.

ದೀಪಾವಳಿಗೆ ಮುಂಚಿನ ಶನಿವಾರ ನವುಲೆಯಿಂದ ವೀರೇಂದ್ರ ಅನ್ನೋ ಮೇಷ್ಟ್ರು ಬಂದರು. ಇಂಥ ನಾಣ್ಯ ಇದೆ ಅಂತ ತನುಜಾಳೇ ಫೋನ್ ಮಾಡಿ ಕರೆಸಿದ್ದಳು. ಇವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಸೊಸೆ ಅಂಗೈಯಲ್ಲಿ ಬರೀ ರೂಪಾಯಿ ಹಿಡಿದು ಬಂದಾಗ ಒಂದು ಸಲ ನೋಡಿದರು. ಡಬ್ಬಿ ಏನಾಯಿತು ಅಂತ ಅವರು ಕೇಳಬೇಕಾಗಿರಲಿಲ್ಲ.

ನಾನು ಕಾಫಿ ತಗೊಂಡು ಬಾಗಿಲಿಗೆ ಬಂದೆ.

ವೀರೇಂದ್ರ ನಾಣ್ಯವನ್ನ ಭೂತಗನ್ನಡಿ ಹಿಡಿದು ನೋಡ್ತಾ ಇದ್ದರು. ಮೂರು ವರ್ಷದಿಂದ ಹುಡುಕ್ತಿದೀನಿ ಅಂದರು. ಅವರಿಗೆ ಹೊಸ ಹವ್ಯಾಸ, ಕಣ್ಣು ಇನ್ನೂ ಪಳಗಿರಲಿಲ್ಲ. "ಇಷ್ಟು ಬೆಲೆದು, ಗ್ರೇಡಿಂಗ್ ಯಾಕೆ ಮಾಡಿಸಿಲ್ಲ ಯಜಮಾನ್ರೇ?"

ತನುಜಾ ಮಾತಾಡಿದಳು. "ನಮ್ಮ ಮಾವ ಯಾವ ನಾಣ್ಯನೂ ಕಳಿಸಲ್ಲ ಸಾರ್. ಅವರ ಮಾತೇ ಗ್ರೇಡಿಂಗು."

"ಅದು ಕೇಳಿದೀನಿ. ಶಿವಯೋಗಪ್ಪನೋರು ಕೇಳಿದ್ದಕ್ಕೆ ಸುಳ್ಳು ಹೇಳಲ್ಲ ಅಂತ ಎಲ್ಲರೂ ಹೇಳ್ತಾರೆ." ಅವರು ಇವರ ಕಡೆ ತಿರುಗಿದರು. "ಕೇಳಿಬಿಡ್ತೀನಿ. ತೊಳೆದಿದ್ದಾ ಇದು?"

ಇವರು ಬಾಯಿ ತೆಗೆದರು. ಏನು ಹೇಳ್ತಾರೆ ಅಂತ ನನಗೆ ಗೊತ್ತಿತ್ತು. ತೊಳೆದದ್ದು ಅಂತಾರೆ. ಅವರಿಗೆ ಬೇರೆ ಮಾತು ಬರೋದಿಲ್ಲ.

ಅವರಿಗಿಂತ ಮುಂಚೆ ತನುಜಾ ಅಂದಳು. "ಈ ಮನೇಲಿ ರೂಪಾಯಿ ತೊಳೆಯೋ ಪದ್ಧತಿನೇ ಇಲ್ಲ ಸಾರ್. ಬೇಕಾದ್ರೆ ನಮ್ಮ ಅತ್ತೆನ ಕೇಳಿ."

ಮೂವರೂ ನನ್ನನ್ನ ನೋಡಿದರು. ನನ್ನ ಕಣ್ಣ ಮುಂದೆ ರುಬ್ಬೋ ಕಲ್ಲು ಬಂತು, ಉಪ್ಪಿನಕಾಯಿ ಜಾಡಿಗಳು ಬಂದವು, ಬೆಲ್ಲದ ಸಾರು ಬಂತು. ಜಯಶೀಲಾಳ ಕಪ್ಪಾದ ಉಗುರೂ ಬಂತು, ಇಲ್ಲ ಅನ್ನೋದಿಲ್ಲ.

"ಇಲ್ಲಪ್ಪ" ಅಂದೆ. "ನಮ್ಮನೆ ಲಕ್ಷ್ಮಿ ಕೂರೋದೇ ಕರೀ ರೂಪಾಯಿ ಮೇಲೆ. ಓಣೀಲಿ ಯಾರನ್ನ ಬೇಕಾದ್ರೂ ಕೇಳಿ."

ಇವರು ನನ್ನನ್ನ ನೋಡಿದರು. ಹೆಂಡತಿ ಸುಳ್ಳಿ ಅಂತ ಗಿರಾಕಿ ಮುಂದೆ ಹೇಳ್ತಾರೇನೋ ಅಂತ ಕಾದೆ. ಹೇಳಲಿಲ್ಲ. ಭೂತಗನ್ನಡಿಯನ್ನ ಅದರ ಚೀಲಕ್ಕೆ ಹಾಕಿ ದಾರ ಬಿಗಿದು, ಎದ್ದು, ಬೀದಿಗೆ ಇಳಿದು ಹೋದರು.

"ಯಜಮಾನ್ರು ಎಲ್ಲಿಗೆ ಹೋದ್ರು?" ಅಂತ ವೀರೇಂದ್ರ ಕೇಳಿದರು.

"ಹಾಲು ತರಕ್ಕೆ" ಅಂದಳು ತನುಜಾ. ಒಂದು ಸಲ ಶುರುವಾದರೆ ಸುಳ್ಳು ಸಲೀಸಾಗಿ ಬರುತ್ತೆ. ಮೇಷ್ಟ್ರು ರೂಪಾಯಿಯನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡು, ನನ್ನ ಕಾಫಿ ಹೊಗಳಿ ಹೋದರು.

ಜಯಶೀಲಾ ಹೊಸಮನೆಯಲ್ಲಿ ಹಾಲು ಉಕ್ಕಿಸಿದಳು. ನಾವು ಮೂವರು ಹೋಗಿದ್ದೆವು, ಇವರು ಬರಲಿಲ್ಲ. "ನಿಮ್ಮ ಯಜಮಾನ್ರ ಉಪಕಾರ ಸಾಯೋವರೆಗೂ ಮರೆಯಲ್ಲ" ಅಂತ ಆಯಮ್ಮ ನನ್ನ ಕೈ ಹಿಡಿದಳು. ಎಂದೂ ಹಿಡಿದವಳಲ್ಲ. ನಾನು ಕೈ ಬಿಡಿಸಿಕೊಂಡು ಪಾಯಸ ಬಡಿಸೋಕೆ ಹೋದೆ.

ಇವರು ನನ್ನ ಹತ್ತಿರ ಮಾತು ಬಿಟ್ಟಿದ್ದರು. ಬಡಿಸಿದ್ದು ತಿಂದು ಎದ್ದು ಹೋಗೋರು. ಬೈದಿದ್ದರೆ ನಾನೂ ಬೈದು ಮುಗಿಸ್ತಿದ್ದೆ. ನಾನು ಮಾಡಿದ್ದು ಯಾರಿಗೋಸ್ಕರ? ಇವರೇ ಕಲಿಸಿದ ವ್ಯಾಪಾರ ಅಲ್ಲವಾ ಅದು? ಕೇಳದ್ದನ್ನ ಹೇಳದೇ ಇರೋದು ಪುಣ್ಯ, ಕೇಳಿದಾಗ ಇಲ್ಲ ಅನ್ನೋದು ಪಾಪ, ಇದೆಂಥ ಲೆಕ್ಕವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದೀಪಾವಳಿ ಅಮಾವಾಸ್ಯೆ ಬೆಳಿಗ್ಗೆ ನಾನು ದೀಪದ ಕಂಬ ಬೆಳಗ್ತಾ ಕೂತಿದ್ದೆ. ಇವರು ಅಂಗಡಿಯಿಂದ ಲಕ್ಷ್ಮಿ ತಟ್ಟೆಯ ರೂಪಾಯಿಗಳನ್ನ ತಂದರು. ತಂದೆಯ ಕಾಲದಿಂದ ಬಂದವು, ಎಷ್ಟು ದುಡ್ಡು ಕೊಡ್ತೀನಿ ಅಂದರೂ ಮಾರದೆ ಇಟ್ಟವು. ನನ್ನ ಮುಂದಿದ್ದ ಹುಣಸೆಹಣ್ಣಿನ ಬಟ್ಟಲಿಗೆ ಒಂದೊಂದಾಗಿ ಹಾಕಿದರು.

"ರೀ, ಏನಿದು?" ಅಂದೆ.

"ತಿಕ್ಕು."

"ಬೇಡ ರೀ. ಹಾಳಾಗ್ತವೆ."

"ತಿಕ್ಕು ಶಂಕರಿ. ಮುಂದೆ ಯಾರಾದ್ರೂ ತೊಳೆದಿದ್ದಾ ಅಂತ ಕೇಳಿದ್ರೆ ಹೌದು ಅನ್ನೋಣ. ಈ ಮನೇಲಿ ತೊಳೀತಾರೆ ಅನ್ನೋಣ. ಅದಾದ್ರೂ ನಿಜ ಆಗ್ಲಿ."

ಅಷ್ಟು ದಿನದ ಮೇಲೆ ಆಡಿದ ಮಾತು ಅದು. ಕಿರುಚಲಿಲ್ಲ, ಬೈಯಲಿಲ್ಲ. ಅಲ್ಲೇ ಮಣೆ ಹಾಕಿಕೊಂಡು ಎದುರಿಗೆ ಕೂತರು.

ನಾನು ಒಂದು ರೂಪಾಯಿ ತಗೊಂಡು ಹೆಬ್ಬೆರಳಲ್ಲಿ ತಿಕ್ಕಿದೆ. ಕಪ್ಪು ನೀರು ಬಿಟ್ಟುಕೊಂಡಿತು. ನಾಣ್ಯದ ಮೇಲಿನ ರಾಜನ ಮೂಗು ಬೆಳ್ಳಗಾಯಿತು, ಕೆನ್ನೆ ಬೆಳ್ಳಗಾಯಿತು. ಎಷ್ಟು ವರ್ಷದ ಆಸೆ ನನ್ನದು, ಓಣಿಯವರ ಮುಂದೆ ಹೊಳೆಯೋ ತಟ್ಟೆ ಇಡಬೇಕು ಅಂತ. ಕಣ್ಣೀರು ಬಂದು ಏನೂ ಕಾಣಲಿಲ್ಲ. ಹಿಂದಿನಿಂದ ತನುಜಾ ಬಂದಳು. ಬಟ್ಟಲು ನೋಡಿದಳು, ಮಾವನ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತು ಇನ್ನೊಂದು ರೂಪಾಯಿ ಎತ್ತಿಕೊಂಡಳು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ತಟ್ಟೆ ನೋಡಿ, ಈ ವರ್ಷ ನಿಮ್ಮನೆ ಲಕ್ಷ್ಮಿ ಎಷ್ಟು ಲಕ್ಷಣವಾಗಿದಾಳೆ ಶಂಕರಮ್ಮ ಅಂದರು. ನಾನು ಕಪ್ಪಾದ ಉಗುರುಗಳನ್ನ ಸೆರಗಿನಲ್ಲಿ ಮುಚ್ಚಿಕೊಂಡು ಅವರಿಗೆ ಕುಂಕುಮ ಕೊಟ್ಟೆ.